ಅವರೆ ಬಳ್ಳಿಗೊಂದು ಬೇಲಿ

ಒದ್ದೆ ಸೀರೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದು ಅಂಚನ್ನು ಹಗ್ಗದ ಮೇಲೆ ಎಳೆದು ಕ್ಲಿಪ್ಪು ಸಿಕ್ಕಿಸುತ್ತಿದ್ದ ಭಾಗೀರಥಿಗೆ ಸೀರೆಯ ಆಚೆ ಯಾರೋ ಮೆಲ್ಲುವ ಸದ್ದು ಕೇಳಿಸಿತು. ಸೀರೆ ಸರಿಸಿ ಇಣುಕಿದಳು. ಕಾಡುಕುರಿ! ಅವರೆ ಬಳ್ಳಿಯ ತುದಿ ಅದರ ಬಾಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಮದುವೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಬೀಗರ ಹಾಗೆ ನಿಧಾನವಾಗಿ ಜಗಿಯುತ್ತ ಅವಳನ್ನೇ ನೋಡುತ್ತಿತ್ತು.

“ಥೂ ನಿನ್ನ! ಮತ್ತೆ ಬಂದ್ಯಾ?” ಅನ್ನಲು ಬಾಯಿ ತೆರೆದಳು. ಸೀರೆ ಜಾರಿ ಮಣ್ಣಿಗೆ ಬಿತ್ತು.

ಕಾಡುಕುರಿಯೇನೂ ಓಡಲಿಲ್ಲ. ಟೀಗೆ ಎದ್ದುಹೋಗುವ ಗುಮಾಸ್ತನ ಹಾಗೆ, ಇನ್ನೇನು ವಾಪಸ್ ಬರುವವನೇ ಎಂಬ ಠೀವಿಯಲ್ಲಿ, ಪೊದೆಯ ಸಂದಿಯಿಂದ ಹೊರಟುಹೋಯಿತು. ಬೊಗಳುವ ಜಾತಿಯ ಈ ಪುಟ್ಟ ಜಿಂಕೆಯನ್ನು ಪಕ್ಕದ ಮನೆಯ ಮೌರೀನ್ ಮಂಟ್‌ಜ್ಯಾಕ್ ಅನ್ನುತ್ತಾಳೆ. ಇಂಗ್ಲೆಂಡಿನ ಈ ಲೆಮಿಂಗ್ಟನ್ ಊರಿನ ತೋಟಗಳಿಗೆಲ್ಲ ನುಗ್ಗುತ್ತದಂತೆ. ಮಾಲೂರು ಸೀಮೆಯಲ್ಲಿ ಹುಟ್ಟಿದ ಭಾಗೀರಥಿಗೆ ಅದು ಕಾಡುಕುರಿಯೇ. ದಿನಾ ಬೆಳಗ್ಗೆ ಅದನ್ನು ಬೈಯುತ್ತಾಳೆ. ನಿಜ ಹೇಳಬೇಕೆಂದರೆ, ಗಂಡ ಡಾಕ್ಟರ್ ಗೋಪಾಲ ತೀರಿಕೊಂಡ ಮೇಲೆ ಆ ಮನೆಯಲ್ಲಿ ಬಾಯಿ ತುಂಬ ಕನ್ನಡ ಆಡುವುದಕ್ಕೆ ಇದ್ದದ್ದು ಅದೊಂದೇ ಜೀವ. ಶೆಫೀಲ್ಡಿನಲ್ಲಿ ಡಾಕ್ಟರಾಗಿರುವ ಮಗಳು ಸಂಯುಕ್ತಾ ಫೋನು ಮಾಡುತ್ತಾಳೆ, ಇಲ್ಲವೆಂದಲ್ಲ. “ಅಮ್ಮಾ, ಡ್ಯೂಟಿ ರೋಟಾ ಚೇಂಜ್ ಆಗಿದೆ, ನೆಕ್ಸ್ಟ್ ವೀಕ್ ನೋಡೋಣ” ಅನ್ನುವಷ್ಟರಲ್ಲಿ ಅವಳ ಬಸ್ಸು ಬಂದುಬಿಡುತ್ತದೆ.

ಸೀರೆ ಇನ್ನೊಮ್ಮೆ ಜಾಲಿಸಿ ಹರವಿ ಬಂದ ಭಾಗೀರಥಿ ಬಳ್ಳಿಯ ಕೆಳಗೆ ಕೂತು, ಕೆಂಪು ದಾರ ಕಟ್ಟಿದ ಕಾಯಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಸದ್ಯ, ಅವಕ್ಕೆ ಬಾಯಿ ಬಿದ್ದಿರಲಿಲ್ಲ.

ಆ ಕಾಯಿಗಳು ಬೀಜಕ್ಕೆ ಬಿಟ್ಟವು. ಹಿಂದೆ ಊರಿಗೆ ಹೋಗಿದ್ದಾಗ ಅಕ್ಕ ರತ್ನಮ್ಮ ಒಂದು ಹಿಡಿ ಅವರೆ ಬೀಜ ಸೆರಗಿನ ತುದಿಗೆ ಗಂಟು ಹಾಕಿಕೊಟ್ಟಿದ್ದಳು. ಅವರ ಮನೆತನದಲ್ಲಿ ಬಿತ್ತನೆ ಬೀಜವನ್ನು ಯಾರಿಗೂ ದಾನ ಕೊಡುವುದಿಲ್ಲ, ಕಡ ಕೊಡುತ್ತಾರೆ. ಹಿಡಿ ತಗೊಂಡವರು ಹಿಡಿ ತುಂಬಿಸಿ ಕೊಡಬೇಕು. “ಬೀಜ ಆದ ಮೇಲೇ ಕಾಗದ ಹಾಕು. ಬರೀ ಕ್ಷೇಮಸಮಾಚಾರ ನನಗೆ ಬೇಡ” ಎಂದು ರತ್ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಕ್ಕಿದ್ದಳು. ನಗುತ್ತ ಆಡಿದ್ದನ್ನು ಭಾಗೀರಥಿ ಮನಸ್ಸಿಗೆ ಹಾಕಿಕೊಂಡಳು. ಮೊದಲ ವರ್ಷ ಬಸವನಹುಳ, ಮರುವರ್ಷ ಚಳಿ. ಕಾಗದ ಬರೆಯುವುದು ಹಾಗೇ ಉಳಿಯಿತು. ಫೋನು ಮಾಡೋಣವೆಂದರೆ ರತ್ನಮ್ಮನಿಗೆ ಕಿವಿ ಪೂರಾ ಹೋಗಿದೆ. ಈ ಕಡೆಯಿಂದ ಏನು ಕೂಗಿದರೂ ಆ ಕಡೆಯಿಂದ “ನಮ್ದು ಊಟ ಆಯ್ತು” ಅನ್ನುತ್ತಾಳೆ. “ಅಕ್ಕನಿಗೆ ಶಿರಸಾಷ್ಟಾಂಗ” ಎಂದು ಶುರುಮಾಡಿದ ಹಾಳೆ ಅಲ್ಲಿಗೇ ನಿಂತು, ಟೀ ಡಬ್ಬಿಯ ಕೆಳಗೆ ಹಳದಿಯಾಗುತ್ತಿತ್ತು. ಈ ವರ್ಷ ಬಿಸಿಲು ಜೋರಾಗಿ, ಬಳ್ಳಿ ಕಾಯಿ ಬಿಟ್ಟು, ಇನ್ನೇನು ಬೀಜ ಬಲಿಯಬೇಕು ಅನ್ನುವಾಗ ಈ ಕಾಡುಕುರಿ!

ಕೈ ಒರೆಸಿಕೊಂಡು ಲೆಮಿಂಗ್ಟನ್ ಕನ್ನಡ ಬಳಗದ ವಾಟ್ಸಾಪಿಗೆ ಒಂದು ಮಾತು ಹೇಳಿ ಕಳಿಸಿದಳು. ಅಲ್ಲಿಯವರೆಗೆ ಆ ಗುಂಪಿಗೆ ಅವಳು ಕಳಿಸಿದ್ದು ಕೈಮುಗಿದ ಚಿತ್ರ ಮಾತ್ರ. “ಯಾರಾದ್ರೂ ಬೇಲಿ ಹಾಕೋದು ಹೆಂಗೆ ಅಂತ ಹೇಳ್ರಪ್ಪ.”

ಇಷ್ಟೇ ಸಾಕಾಯಿತು. ಎಷ್ಟೋ ವರ್ಷಗಳಿಂದ ಬೇಲಿಯ ಬಗ್ಗೆ ಯಾರಾದರೂ ಕೇಳಲಿ ಎಂದೇ ಕಾದಿದ್ದವರ ಹಾಗೆ ಜನ ಎದ್ದರು.

ಮೊದಲು ಬಂದವರು ನಾರಾಯಣಸ್ವಾಮಿ. ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಮಂಡ್ಯದ ಕಡೆಯವರು. ಒಂದು ಕೈಯಲ್ಲಿ ಓರೆಕೋರೆ ನೋಡುವ ರಸಮಟ್ಟ, ಇನ್ನೊಂದು ಕೈಯಲ್ಲಿ ಬೇಲಿಯ ನಕ್ಷೆ. ಅವರ ಹಿಂದೆ ಉಮೇಶ, ಕಾರಿನ ತುಂಬ ಗೂಟ, ತಂತಿ ಜಾಲರಿ ಹೇರಿಕೊಂಡು. ಅವನು ವಿಡಿಯೋ ಗೇಮ್ ಮಾಡುವ ಕಂಪನಿಯ ಹುಡುಗ.

“ಸುತ್ತಿಗೆ ಹಿಡಿದು ಗೊತ್ತೇನಪ್ಪ?” ಭಾಗೀರಥಿ ಕೇಳಿದಳು.

“ಆಂಟಿ, ನಾನು ಆಟದಲ್ಲಿ ಕೋಟೇನೇ ಕಟ್ಟಿದ್ದೀನಿ!”

ಮೊದಲ ಏಟಿಗೇ ಹೆಬ್ಬೆರಳು ಕೋಟೆಯೊಳಗೆ ಸಿಕ್ಕಿತು.

ಅಷ್ಟರಲ್ಲಿ ಧಾರವಾಡದ ದಾಕ್ಷಾಯಣಿ ಬಂದಳು. ಬಂದವಳೇ ಜಾಲರಿ ನೋಡಿ ಮೂಗು ಮುರಿದಳು. “ಇದೇನ್ರಿ ಅಕ್ಕಾರ, ಕೋಳಿ ಗೂಡೇನು? ಬೇಲಿ ಅಂದ್ರ ಮುಳ್ಳಿರಬೇಕು. ನಮ್ಮ ಕಡೆ ಜಾಲಿಕಂಟಿ ಕಡಿದು ಹಚ್ಚಿದ್ವಿ ಅಂದ್ರ ಹಂದಿ ಅಲ್ಲ, ಹಂದಿ ಅಪ್ಪನೂ ಒಳಗ ಬರಂಗಿಲ್ಲ.”

“ಕಳ್ಳಿ ಬೇಲಿ ಮುಂದೆ ನಿಮ್ಮ ಜಾಲಿ ಏನಮ್ಮ?” ನಾರಾಯಣಸ್ವಾಮಿ ಕನ್ನಡಕ ಮೇಲೇರಿಸಿದರು. “ನಮ್ಮೂರಲ್ಲಿ ಒಂದ್ಸಲ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ.”

“ನಮ್ಮಲ್ಲಿ ಕಾಂಪೌಂಡ್ ಮೇಲೆ ಗಾಜಿನ ಚೂರು ಇಡ್ತಾರೆ” ಅಂದ ರಾಜಾಜಿನಗರದ ಉಮೇಶ, ಬೆರಳು ಚೀಪುತ್ತ.

ಗಲಾಟೆ ಕೇಳಿ ಮೌರೀನ್ ಗೋಡೆಯ ಮೇಲಿಂದ ತಲೆ ಹಾಕಿದಳು. ತುಂಬ ಎತ್ತರ ಕಟ್ಟಿದರೆ ಕೌನ್ಸಿಲ್‌ನವರ ಅಪ್ಪಣೆ ಬೇಕಾಗುತ್ತದೆ ಎಂದು ಮೊದಲು ಹೆದರಿಸಿದಳು. ಆಮೇಲೆ, ಮುಳ್ಳೇ ಬೇಕಿದ್ದರೆ ತನ್ನ ಹಿತ್ತಲಲ್ಲಿ ಬ್ಲ್ಯಾಕ್‌ಬೆರಿ ಕಾಡಿನ ಹಾಗೆ ಬೆಳೆದಿದೆ, ಕಡಿದುಕೊಂಡು ಹೋದರೆ ಪುಣ್ಯ ಬರುತ್ತದೆ ಎಂಬರ್ಥದಲ್ಲಿ ಏನೋ ಅಂದಳು. ದಾಕ್ಷಾಯಣಿ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು.

ಹಿತ್ತಲಲ್ಲಿ ನಿಂತಿದ್ದ ಭಾಗೀರಥಿಗೆ ಕಣ್ಣು ತುಂಬಿ ಬಂತು. ಇಷ್ಟು ಜನ, ಇಷ್ಟು ಜಗಳ, ಅದೂ ಕನ್ನಡದಲ್ಲಿ! ಡಾಕ್ಟರು ಹೋದ ಹದಿಮೂರನೆಯ ದಿನದ ಮೇಲೆ ಆ ಮನೆಯಲ್ಲಿ ಇಷ್ಟು ಚಪ್ಪಲಿ ಬಾಗಿಲಲ್ಲಿ ಬಿದ್ದಿರಲಿಲ್ಲ.

“ಮುಯ್ಯಾಳಾಗಿ ಬಂದಿದ್ದೀರ” ಅಂದಳು. “ಊಟ ಮಾಡದೆ ಯಾರೂ ಹೊಸ್ತಿಲು ದಾಟೋ ಹಾಗಿಲ್ಲ.”

ಹೇಳಿಬಿಟ್ಟ ಮೇಲೆ ಫ್ರಿಜ್ಜು ತೆಗೆದು ನೋಡಿದಳು. ನಿನ್ನೆಯ ತಿಳಿಸಾರು ಒಂದು ಲೋಟ, ಅರ್ಧ ನಿಂಬೆಹಣ್ಣು. ಒಬ್ಬಳೇ ಇರುವವಳ ಫ್ರಿಜ್ಜಿನಲ್ಲಿ ಬೆಳಕೇ ಜಾಸ್ತಿ. ಮುಯ್ಯಿಗೆ ಬಂದವರಿಗೆ ದುಡಿದ ಹೊಲದ್ದೇ ಕಾಳು ಬಡಿಸಬೇಕೆಂದು ಅವಳ ಅವ್ವ ಹೇಳುತ್ತಿದ್ದಳು. ಭಾಗೀರಥಿ ಬುಟ್ಟಿ ಹಿಡಿದು ಬಳ್ಳಿಯ ಹತ್ತಿರ ಹೋದಳು. ದಾರ ಕಟ್ಟಿದವನ್ನು ಬಿಟ್ಟು ಮಿಕ್ಕ ಕಾಯಿ ಕಿತ್ತಳು. ಕಾಯಿ ಕೈಗೆ ಬರುತ್ತಲೇ ಸೊಗಡು ಮೂಗಿಗೆ ಹತ್ತಿತು. ಹೋಗಲಿ, ತಿನ್ನುವುದಕ್ಕೇ ಬೆಳೆದದ್ದು. ಬೀಜದ ಕಾಯಿ ಇದ್ದರೆ ಸಾಕು. ದಾರ ಯಾಕೆ ಕಟ್ಟಿದೆ ಎಂದು ಯಾರಿಗೂ ಹೇಳಲಿಲ್ಲ. ದಾರ ಕಟ್ಟಿದ ಕಾಯಿ ಎಂದರೆ ಏನೆಂದು ಹೇಳಬೇಕೇ? ಅವಳ ಊರಿನಲ್ಲಿ ಎತ್ತಿಗೂ ಗೊತ್ತಿತ್ತು.

ಅಡುಗೆಮನೆಯಲ್ಲಿ ಕಾಳು ಬೇಯುತ್ತಿತ್ತು, ಮುದ್ದೆಗೆ ಎಸರು ಕುದಿಯುತ್ತಿತ್ತು. ಹೊರಗಿನಿಂದ ಧಡ್ ಧಡ್ ಎಂದು ಸುತ್ತಿಗೆಯ ಸದ್ದು, ನಡುನಡುವೆ ಉಮೇಶನ “ಅಮ್ಮಾ!” ಇದ್ದಕ್ಕಿದ್ದಂತೆ ಸದ್ದು ನಿಂತು, ದಾಕ್ಷಾಯಣಿಯ ನಗು ಕೇಳಿಸಿತು. ಭಾಗೀರಥಿ ಕಿಟಕಿಯಲ್ಲಿ ಇಣುಕಿದಳು.

ಬೇಲಿ ಪೂರ್ತಿಯಾಗಿತ್ತು. ಸುತ್ತಲೂ ಜಾಲರಿ ಬಿಗಿದು, ಬುಡಕ್ಕೂ ತಲೆಗೂ ಮುಳ್ಳು ಹೆಣೆದು, ಗೂಟಗಳು ಪೊಲೀಸ್ ಪರೇಡಿನ ಹಾಗೆ ನೆಟ್ಟಗೆ ನಿಂತಿದ್ದವು. ಒಳಗೆ ರಸಮಟ್ಟ ಹಿಡಿದ ನಾರಾಯಣಸ್ವಾಮಿ.

“ಅಂಕಲ್, ಬಾಗಿಲು ಎಲ್ಲಿ?” ಉಮೇಶ ಹೊರಗಿನಿಂದ ಕೇಳುತ್ತಿದ್ದ.

ನಾರಾಯಣಸ್ವಾಮಿ ನಕ್ಷೆಯನ್ನು ತಿರುಗಿಸಿದರು. ಬೋರಲು ಹಾಕಿ ನೋಡಿದರು. ಬಿಸಿಲಿಗೆ ಹಿಡಿದು ನೋಡಿದರು. “ನೀನು ಹೇಳಬೇಕಾಗಿತ್ತು ಕಣಯ್ಯ.”

“ಒಂದು ಪ್ರಾಣಿ ಸಿಕ್ಕೇತಿ ಬರ್ರಿ ಅಕ್ಕಾರ!” ದಾಕ್ಷಾಯಣಿ ಕೂಗಿದಳು. “ಇದಕ್ಕ ಹುಲ್ಲು ಹಾಕೋದೋ, ಮುದ್ದಿ ಹಾಕೋದೋ?”

ಮೌರೀನ್ ಏಣಿ ತರಲು ಹೋದಳು. ಅದು ಅವಳ ಶೆಡ್ಡಿನಲ್ಲಿ ಹಳೆಯ ಕುರ್ಚಿ, ಹಳೆಯ ಸೈಕಲ್ಲು, ಹಳೆಯ ಗಂಡನ ಗಾಲ್ಫ್ ಸಾಮಾನು ಇವೆಲ್ಲದರ ಹಿಂದಿತ್ತು. ಮುದ್ದೆ ತಿರುವುವುದು ಕೈಬಿಡುವ ಕೆಲಸವಲ್ಲವಾಗಿ ಭಾಗೀರಥಿ ಒಲೆಯ ಮುಂದೆಯೇ ಉಳಿದಳು. ಸ್ವಲ್ಪ ಹೊತ್ತಿಗೆ ದಾಕ್ಷಾಯಣಿ ಬಂದು, “ಇನ್ನೊಂದೀಟು ಕಾಳು ಸಿಕ್ಕಾವ ನೋಡ್ರಿ, ಸುಲಿದೇ ತಂದೀನಿ” ಎಂದು ಕುದಿಯುವ ಸಾರಿಗೆ ಸುರಿದಳು. ಎಲೆಯ ಮರೆಯಲ್ಲಿ ಕೈತಪ್ಪಿ ಉಳಿದಿರಬೇಕು ಎಂದುಕೊಂಡಳು ಭಾಗೀರಥಿ. ಒಳ್ಳೆಯದೇ ಆಯಿತು, ಮೌರೀನಳಿಗೂ ಒಂದು ಸೌಟು ಆದೀತು.

ಕೊನೆಗೆ ಅಡುಗೆಮನೆಯ ಸ್ಟೂಲು ಬೇಲಿಯ ಒಳಕ್ಕೆ ಹೋಯಿತು, ಏಣಿ ಹೊರಗೆ ನಿಂತಿತು, ಮುಳ್ಳಿನ ಮೇಲೆ ಮೌರೀನಳ ಕಾಲೊರಸು ಬಿತ್ತು. ನಾರಾಯಣಸ್ವಾಮಿ ಅಂಬಾರಿ ಇಳಿಯುವವರ ಹಾಗೆ ಇಳಿದು ಬಂದರು. ಪ್ಯಾಂಟಿನ ಒಂದು ಚೂರು ಕಾವಲಿಗೆ ಅಲ್ಲೇ ಉಳಿಯಿತು.

ಊಟಕ್ಕೆ ಕೂತರು. ಮುದ್ದೆಯನ್ನು ಜಗಿಯಬಾರದು ನುಂಗಬೇಕು ಎಂದು ಮೂವರೂ ಒಟ್ಟಿಗೆ ಹೇಳಿದ್ದಕ್ಕೆ ಉಮೇಶ ಹೆದರಿ ಇನ್ನೂ ಜಗಿದ. ಮೌರೀನ್ ಮಾತ್ರ ಯಾರೂ ಹೇಳದೆ ನುಂಗಿ, ಇನ್ನೊಂದು ತುತ್ತಿಗೆ ಕೈ ಹಾಕಿದಳು.

“ಕಬ್ಬಿನ ಗದ್ದೆಗೆ ಹಂದಿ ಬರೋವು” ಅಂದರು ನಾರಾಯಣಸ್ವಾಮಿ. “ನಮ್ಮಪ್ಪ ಅಟ್ಟಣೆ ಮೇಲೆ ಕೂತು ಡಬ್ಬ ಬಡಿಯೋರು. ನಾನು ಜೊತೆಗೆ ಹೋಗ್ತೀನಿ ಅಂತ ಅಳ್ತಿದ್ದೆ. ಹೋದಮೇಲೆ ಮನೆಗೆ ಹೋಗ್ತೀನಿ ಅಂತ ಅಳ್ತಿದ್ದೆ.”

“ನಾ ಕವಣಿ ಬೀಸಿದ್ರ ಗಿಳಿ ಅಷ್ಟಽ ಅಲ್ರಿ, ನಮ್ಮ ಸೋದರಮಾವನೂ ಹೊಲ ಬಿಟ್ಟು ಓಡತಿದ್ದ!”

ಎಲ್ಲರೂ ನಕ್ಕರು. ಭಾಗೀರಥಿ, ತಾನೂ ರತ್ನಮ್ಮನೂ ಕತ್ತಾಳೆ ಬೇಲಿಯ ಸಂದಿಯಲ್ಲಿ ಮೊಲ ಹಿಡಿಯಲು ಹೋಗಿ ಲಂಗ ಸಿಕ್ಕಿಹಾಕಿಕೊಂಡದ್ದು, ಲಂಗ ಹರಿದರೆ ಅವ್ವ ಹೊಡೆಯುತ್ತಾಳೆಂದು ಮೊಲ ಬಿಟ್ಟು ಲಂಗ ಬಿಡಿಸಿಕೊಂಡದ್ದು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

“ಮುಯ್ಯಿ ತೀರಿಸಬೇಕಲ್ಲ. ಯಾರ ಮನೇಲಿ ಏನು ಕೆಲಸ ಇದ್ರೂ ಕರೀರಿ. ಬಂದುಬಿಡ್ತೀನಿ.”

“ಕರೀದೇ ಇರ್ತೀವಾ ಆಂಟಿ!” ಅಂದ ಉಮೇಶ, ಫೋನು ನೋಡುತ್ತ.

ಹೊರಡುವ ಹೊತ್ತಾಯಿತು. ಬಾಗಿಲು ಮುಂದಿನ ವಾರ ಹಾಕೋಣ ಎಂದು ತೀರ್ಮಾನವಾಯಿತು. ಯಾವ ಮುಂದಿನ ವಾರ ಎಂದು ಯಾರೂ ಹೇಳಲಿಲ್ಲ. ಶೂ ಹಾಕಿಕೊಳ್ಳುತ್ತ ನಾರಾಯಣಸ್ವಾಮಿ ಏನೋ ಜ್ಞಾಪಕಕ್ಕೆ ಬಂದು ಜೇಬಿಗೆ ಕೈ ಹಾಕಿದರು.

“ಅಯ್ಯೋ, ಮರೆತೇ ಹೋಗಿತ್ತು ಭಾಗೀರಥಮ್ಮ. ಒಳಗೆ ಸಿಕ್ಕಿಹಾಕಿಕೊಂಡು ಸುಮ್ಮನೆ ಯಾಕೆ ನಿಲ್ಲೋದು ಅಂತ, ನೀವು ಬಿಟ್ಟಿದ್ದ ಕಾಯನ್ನೆಲ್ಲ ಕಿತ್ತು ಜಾಲರಿ ಸಂದಿಯಿಂದ ದಾಕ್ಷಾಯಣಿಗೆ ಕೊಟ್ಟೆ. ಒಂದೂ ಬಿಟ್ಟಿಲ್ಲ, ನಮ್ಮ ಕೆಲಸ ಅಂದ್ರೆ ಹಾಗೆ. ಒಳ್ಳೇ ಬಲಿತ ಕಾಳು, ಸಾರಿಗೆ ರುಚಿ ಬಂದಿದ್ದೇ ಅದರಿಂದ! ದಾರ ಎಸೆಯೋಕೆ ಮನಸ್ಸು ಬರಲಿಲ್ಲ. ತಗೊಳ್ಳಿ.”

ಅವಳ ಅಂಗೈಯಲ್ಲಿ ಕೆಂಪು ದಾರದ ಪುಟ್ಟ ಉಂಡೆ ಕೂತಿತು. ಎಂಜಿನಿಯರ್ ಸುತ್ತಿದ ಉಂಡೆ. ಒಂದು ಎಳೆಯೂ ಆಚೀಚೆ ಇರಲಿಲ್ಲ.

ಭಾಗೀರಥಿ ಉಂಡೆಯ ಮೇಲೆ ಮುಷ್ಟಿ ಮುಚ್ಚಿದಳು. ಉಂಡು ಎದ್ದವರಿಗೆ ಉಂಡದ್ದು ಏನೆಂದು ಹೇಳುವ ಪದ್ಧತಿ ಅವಳ ಊರಿನಲ್ಲಿ ಇರಲಿಲ್ಲ. “ಒಳ್ಳೇದಾಯ್ತು ಬಿಡಿ” ಅಂದಳು. “ಇಂಥ ದಾರ ಇಲ್ಲಿ ಸಿಗೋದೇ ಇಲ್ಲ.”

ಕಾರುಗಳು ಹೋದವು. ಬಾಗಿಲಲ್ಲಿ ಅವಳ ಒಂದು ಜೊತೆ ಚಪ್ಪಲಿ ಉಳಿಯಿತು. ಬಳಗದ ಗುಂಪಿನಲ್ಲಿ ಉಮೇಶ ಬೇಲಿಯ ಫೋಟೋ ಹಾಕಿದ್ದ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ಸಂಜೆ ಟೀ ಲೋಟ ಹಿಡಿದು ಹಿತ್ತಲಿಗೆ ಬಂದಳು. ಬೇಲಿ ಗಟ್ಟಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಳಗೆ ಬೋಳು ಬಳ್ಳಿ, ಅಡುಗೆಮನೆಯ ಸ್ಟೂಲು, ಹಗ್ಗದ ಮೇಲೆ ಬೆಳಗ್ಗೆ ಹರವಿದ ಸೀರೆ. ಸೀರೆ ತೆಗೆಯುವುದನ್ನು ಯಾರೂ ನೆನೆಸಿಕೊಂಡಿರಲಿಲ್ಲ. ಅಷ್ಟು ಗೂಟ, ಅಷ್ಟು ಮುಳ್ಳು ಸೇರಿ ಕಾಯುತ್ತಿದ್ದದ್ದು ಅದೊಂದನ್ನೇ.

ಪೊದೆ ಅಲುಗಿತು. ಕಾಡುಕುರಿ ಬಂದು ಬೇಲಿಯನ್ನು ಒಂದು ಸುತ್ತು ಹಾಕಿ, ಜಾಲರಿಗೆ ಮೂಗು ತಾಗಿಸಿ, ಒಳಗೆ ನೋಡಿತು. ಆಮೇಲೆ ಅವಳನ್ನು ನೋಡಿತು.

“ಏನು ನೋಡ್ತೀಯ? ನಿನಗೂ ಇಲ್ಲ, ನನಗೂ ಇಲ್ಲ” ಅಂದಳು ಭಾಗೀರಥಿ.

ಅದು ನಾಯಿಯ ಹಾಗೆ ಒಮ್ಮೆ ಬೊಗಳಿ, ತಿರುಗಿ ನಡೆಯಿತು. ಈ ಸಲ ವಾಪಸ್ ಬರುವ ಠೀವಿ ಇರಲಿಲ್ಲ. ನಾಳೆ ಬೆಳಗ್ಗೆ ಬೈಯುವುದಕ್ಕೂ ಯಾರೂ ಇರುವುದಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು.

ಒಳಗೆ ಬಂದು ಟೀ ಡಬ್ಬಿ ಎತ್ತಿ, ಹಳದಿ ಹಾಳೆ ಈಚೆಗೆ ತೆಗೆದಳು. ನಿಂತಿದ್ದ ಸಾಲಿನ ಮುಂದಕ್ಕೆ ಬರೆದಳು:

“ಕಾಗದ ಹಾಕಲಿಲ್ಲ ಅಂತ ಬೈಯಬೇಡ. ಬೀಜ ಆದ ಮೇಲೆ ಬರೆಯೋಣ ಅಂತಿದ್ದೆ. ಬೀಜ ಆಗಲಿಲ್ಲ. ಬೇಲಿ ಹಾಕಿದ ದಿನವೇ ಬಳ್ಳಿ ಬರಿದಾಯಿತು. ಸಾರು ಚೆನ್ನಾಗಿತ್ತು, ನಿನ್ನ ಕಾಳಲ್ಲವೇ. ಮನೆ ತುಂಬ ಜನ ಉಂಡರು. ನಿನ್ನ ಕಡ ಹಾಗೇ ಇದೆ. ಇದರಲ್ಲಿ ದಾರ ಇಟ್ಟಿದ್ದೇನೆ. ಈ ಸಲ ನಿನ್ನ ಹೊಲದಲ್ಲಿ ನನ್ನ ಪಾಲಿನ ಕಾಯಿಗೆ ಇದನ್ನೇ ಕಟ್ಟು. ಕಟ್ಟಿದ ಮೇಲೆ ಕೀಳುವವರಿಗೆ ಬಾಯಿ ಬಿಟ್ಟು ಹೇಳು, ಅಕ್ಕಾ. ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ.”

ಲಕೋಟೆಗೆ ಎಂದೋ ಅಂಟಿಸಿಟ್ಟ ಸ್ಟಾಂಪು ಈಗ ಚಲಾವಣೆಯಲ್ಲೇ ಇರಲಿಲ್ಲ. ಮೌರೀನಳ ಬಾಗಿಲು ತಟ್ಟಿದಳು. ಮೌರೀನ್ ಪರ್ಸಿನಿಂದ ಹೊಸ ಸ್ಟಾಂಪುಗಳನ್ನು ಕಿತ್ತು ಕೊಟ್ಟು, ಆ ಸಾರು ಮತ್ತೆ ಯಾವಾಗ ಎಂದು ಕೇಳಿದಳು. ಭಾಗೀರಥಿ ನಕ್ಕು, ಗೊತ್ತಿಲ್ಲ ಎಂದು ತಲೆಯಾಡಿಸಿದಳು.

ರಸ್ತೆಯ ತಿರುವಿನ ಕೆಂಪು ಅಂಚೆ ಡಬ್ಬಿಯ ಬಾಯಿಗೆ ಲಕೋಟೆಯನ್ನು ಅರ್ಧ ತೂರಿಸಿ ನಿಂತಳು. ಒಳಗೆ ದಾರದ ಉಂಡೆ ಒಂದೇ ಒಂದು ಕಾಳಿನ ಹಾಗೆ ಬೆರಳಿಗೆ ತಾಕಿತು. ಬಿಟ್ಟಳು. ಅದು ಒಳಗೆ ಬಿದ್ದ ಸದ್ದು ಕೇಳಿಸುವವರೆಗೆ ಕಿವಿಗೊಟ್ಟಿದ್ದು, ಮನೆಯ ಕಡೆ ತಿರುಗಿದಳು.