ಬಲಗೈಗೆ ಮೂರು, ಎಡಗೈಗೆ ನಾಲ್ಕು

ಎಲ್ಲ ಶುರುವಾದದ್ದು ಹಾಲೇಶ್ ಭದ್ರಾವತಿಯ ತಮ್ಮ ಮನೆಯ ಕಾಂಪೌಂಡ್ ಗೋಡೆಯನ್ನೇ ಮೃದಂಗ ಮಾಡಿಕೊಂಡದ್ದರಿಂದ. ಎಡಗೈ 'ತಕಧಿಮಿ' ಎಂದು ನಾಲ್ಕು ಪೆಟ್ಟು ಹಾಕುವಷ್ಟು ಹೊತ್ತಿನಲ್ಲೇ ಬಲಗೈ 'ತಕಿಟ' ಎಂದು ಮೂರು ಹಾಕಬೇಕು. ಎರಡೂ ಮೊದಲ ಪೆಟ್ಟಿನಲ್ಲಿ ಮಾತ್ರ ಕೂಡಬೇಕು. ಅವರ ಕೈಗಳೋ, ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಆಡುಗಳ ಹಾಗೆ ಎಳೆದಾಡುತ್ತಿದ್ದವು. ಅವತ್ತು ಶಿವಮೊಗ್ಗದಲ್ಲಿ ಮೃದಂಗದ ಟೀಚರ್ ವಿಮಲಮ್ಮ ಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಭಾನುವಾರದ ಭಜನೆಗೆ ಮೃದಂಗ ಅವರದೇ. ರಿಟೈರಾದ ಮೇಲೆ ಅವರು ಆಸೆಪಟ್ಟದ್ದು ಅದೊಂದನ್ನೇ.

"ಅಯ್ಯೋ ಹಾಲೇಶಣ್ಣ! ಕೈ ನಡುಗ್ತಿದೆಯಲ್ಲ!" ಪಕ್ಕದ ಮನೆಯ ಕರಿಬಸಮ್ಮ ಪೊರಕೆ ಬಿಸಾಕಿ ಓಡಿಬಂದರು.

"ನಡುಗ್ತಿಲ್ಲ ಮಾರಾಯ್ತಿ, ಮೃದಂಗದ ಪಾಠ."

"ನಮ್ಮ ಮಾವನೂ ನಡುಕದ ಕಾಯಿಲೆ ಬಂದಾಗ ಮೊದಮೊದಲು ಹಿಂಗೇ ಏನೇನೋ ನೆಪ ಹೇಳ್ತಿದ್ರು. ಒಬ್ಬರನ್ನೇ ಬಸ್ ಹತ್ತೋಕೆ ಬಿಡಲ್ಲ, ನಾನೂ ಬರ್ತೀನಿ."

ಬಸ್ಸಿನಲ್ಲಿ ಆಕೆ ಹಾಲೇಶರ ಬಲಗೈಯನ್ನು ಎರಡೂ ಕೈಗಳಿಂದ ಹಿಡಿದು ಕೂತರು. ಬಿಡಿಸಿಕೊಳ್ಳಲು ಹಾಲೇಶರಿಗೆ ಮನಸ್ಸು ಬರಲಿಲ್ಲ. ಒಲೆಯ ಮೇಲಿದ್ದ ಸಾರನ್ನೂ ಆಕೆ ಅರ್ಧಕ್ಕೇ ಇಳಿಸಿ ಬಂದಿದ್ದರು, ಪಾಪ.

ಮಾಚೇನಹಳ್ಳಿ ಬಂತು. ಮೂವತ್ತು ವರ್ಷ ಹಾಲೇಶ್ ಅಲ್ಲಿನ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಎರಡು ಪ್ರೆಸ್‌ಗಳ ನಡುವೆ ನಿಂತು ದುಡಿದಿದ್ದರು. ಒಂದು ಪ್ರೆಸ್ ಮೂರು ಸಲ ಬಡಿಯುವಷ್ಟರಲ್ಲಿ ಇನ್ನೊಂದು ನಾಲ್ಕು ಸಲ. ಎರಡೂ ಒಟ್ಟಿಗೆ 'ಧಡ್' ಎಂದಾಗಲೆಲ್ಲ ಜೊತೆಗಾರ ಗೋವಿಂದಯ್ಯ ತಲೆಯೆತ್ತಿ ನಗುತ್ತಿದ್ದ. ಆ ಗದ್ದಲದಲ್ಲಿ ಅವರಿಬ್ಬರಿಗೆ ಆ ನಗುವೇ ಮಾತು. ಗೋವಿಂದಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಕಿಟಕಿಯಾಚೆ ನೋಡುತ್ತಿದ್ದಂತೆ ಹಾಲೇಶರ ಎಡಗೈ ತೊಡೆಯ ಮೇಲೆ ನಾಲ್ಕು ಬಡಿಯಿತು. ಬಲಗಾಲು ತಾನಾಗಿಯೇ ಮೂರು. ಎರಡೂ ಸರಿಯಾಗಿ ಮೊದಲ ಪೆಟ್ಟಿಗೆ ಕೂಡಿದವು. ಬಂತು, ಕೊನೆಗೂ ಬಂತು!

"ಕಾಲಿಗೂ ಬಂತಲ್ರೀ!" ಕರಿಬಸಮ್ಮ ಚೀರಿದರು. ಕಂಡಕ್ಟರ್ ನೀರಿನ ಬಾಟಲಿ ತಂದ. ಪಕ್ಕದ ಸೀಟಿನವರು ಎದ್ದು ಬಂದು ಕಾಲು ಅದುಮಿ ಹಿಡಿದರು. ಕರಿಬಸಮ್ಮ ಹಾಲೇಶರ ಜೇಬಿನಿಂದಲೇ ಫೋನ್ ತೆಗೆದು ವಿಮಲಮ್ಮನವರಿಗೆ ಸುದ್ದಿ ಮುಟ್ಟಿಸಿದರು.

ಶಿವಮೊಗ್ಗದಲ್ಲಿ ವಿಮಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಹಾಲೇಶ್ ನೇರವಾಗಿ ಒಳಗೆ ಹೋಗಿ, ಮೃದಂಗ ಎಳೆದುಕೊಂಡು ನುಡಿಸಿಯೇ ಬಿಟ್ಟರು. ವಿಮಲಮ್ಮ ಕಣ್ಣೊರೆಸಿಕೊಂಡರು.

"ಕೂದಲೆಳೆಯಷ್ಟೂ ತಪ್ಪಿಲ್ಲ ಹಾಲೇಶಪ್ಪ. ಪಾಸು!"

"ಹಾಗಾದ್ರೆ ಭಾನುವಾರ ಮೃದಂಗ ನಂದೇ?"

"ಅಲ್ಲೇ ಎಡವಟ್ಟಾಗಿದ್ದು," ವಿಮಲಮ್ಮ ತಲೆ ತಗ್ಗಿಸಿದರು. "ಫೋನ್ ಬಂದ ತಕ್ಷಣ ಭಜನೆ ಗ್ರೂಪಿಗೆ ಹಾಕ್ಬಿಟ್ಟೆ, ಈ ವಾರದ ಭಜನೆ ನೀವು ಗುಣವಾಗ್ಲಿ ಅಂತ. ನಲವತ್ತು ಜನ ಬರ್ತಿದ್ದಾರೆ. ಆಯನೂರಿನವರು ಯಾವುದೋ ಎಣ್ಣೆ ಬೇರೆ ತರ್ತಾರಂತೆ. ಯಾರ ಹೆಸರಲ್ಲಿ ಭಜನೆಯೋ ಅವರು ಎದುರಿಗೆ ಮಣೆ ಮೇಲೆ ಕೂರ್ಬೇಕಲ್ವಾ? ಮೃದಂಗಕ್ಕೆ ನನ್ನ ಇನ್ನೊಬ್ಬ ಶಿಷ್ಯೆ ಕವನಂಗೆ ಹೇಳಿದೀನಿ."

ಭಾನುವಾರ ಹಾಲೇಶ್ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತರು. ಮೃದಂಗ ಶುರುವಾದಾಗ ಅವರ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಎದ್ದವು. ಪಕ್ಕದಲ್ಲಿದ್ದ ಕರಿಬಸಮ್ಮ ತಕ್ಷಣ ಎರಡೂ ಕೈಗಳನ್ನು ಪ್ರೀತಿಯಿಂದ, ಗಟ್ಟಿಯಾಗಿ ಹಿಡಿದುಕೊಂಡರು.