ಫಕ್ಕೀರೇಶನ ಸಿಲಿಂಡರ್ ವಿಜಯ

ಸ್ವಸ್ತಿ! ಅಶ್ವಗಳಳಿದು ಅಶ್ವಶಕ್ತಿಯೊಂದೇ ಉಳಿದ ಈ ಧೂಮ್ರಯುಗದಲ್ಲಿ, ಹುಬ್ಬಳ್ಳಿಯೆಂಬ ಮಹಾಪತ್ತನದಲ್ಲಿ, ಸಕಲ-ಪಾನಾ-ಪಕ್ಕಡಾದಿ-ಉಪಕರಣ-ಪರಿವೃತನೂ ಮಸಿಲಿಪ್ತಕರತಲನೂ ಮಾತಿನಲ್ಲಿ ಅಪ್ರತಿಮನೂ ಆದ ಫಕ್ಕೀರೇಶನ ಚರಿತವನ್ನು ಹೇಳುವೆನು. ಓ ಎಂಜಿನ್ನಿನ ಅಧಿದೇವತೆಯೇ, ನನ್ನ ನಾಲಗೆಗೆ ಎರಡು ಹನಿ ಎಣ್ಣೆ ಬಿಡು!

ಈ ವೀರನ ವೃದ್ಧ ಬೈಕು ಗುಡ್ಡದ ಏರಿನಲ್ಲಿ ಇಬ್ಬರನ್ನು ಹೊರಲಾರದು. ಹಿಂದಿನ ವರ್ಷ ಖಂಡೇಪೂಜೆಯೆಂಬ ಆಯುಧಪೂಜೆಗೆ ತವರಿಗೆ ಹೊರಟ ಪತ್ನಿ ರೇಣವ್ವ ಅರ್ಧ ಏರಿನಲ್ಲಿ ಇಳಿದು ನಡೆಯುತ್ತಿರಲು, ಆಕೆಯ ತಮ್ಮ ಬಸವಂತನು ಹೊಸ ಗಾಡಿಯಲ್ಲಿ ಪಕ್ಕದಿಂದಲೇ ಹಾಯ್ದು, "ಮಾಂವಾ, ಅಕ್ಕಗ ಒಂದ್ ಜೋಡಿ ಚಪ್ಪಲಿ ಕೊಡಸು, ಗಾಡಿ ಯಾಕ ಬೇಕು?" ಎಂದು ನಕ್ಕಿದ್ದನು. ಆ ನಗೆ ಫಕ್ಕೀರೇಶನಿಗೆ ವರ್ಷವಿಡೀ ಉರಿಯಿತು.

"ಕೇಳ ರೇಣವ್ವಾ! ಈ ಖಂಡೇಪೂಜಿಗೆ ನಿನ್ನ ಪಾದ ಆ ಏರಿನ ಮಣ್ಣ ಮುಟ್ಟಿದ್ರ ನಾ ನಮ್ಮಪ್ಪನ ಮಗನಽ ಅಲ್ಲ!"

"ಹಂಗನಬ್ಯಾಡ್ರಿ, ಅತ್ತಿಯಾರು ಬೈತಾರ" ಎಂದಳು ರೇಣವ್ವ.

ಆಗ ಅಂತರ್ಜಾಲವೆಂಬ ಅಂತರಿಕ್ಷದಿಂದ, ಸರ್ವವಾಹನಾನುಕೂಲವೆಂಬ ಬಿರುದಾಂಕಿತ ಪೆಟ್ಟಿಗೆಯಲ್ಲಿ, ದ್ವಿಗುಣಬಲಪ್ರದಾಯಕವಾದ ಎಂಜಿನ್ನಿನ ಹೊಸ ಸಿಲಿಂಡರ್ ಅವತರಿಸಿತು. ಹಳೆಯದನ್ನು ಕಿತ್ತ ವೀರನು "ಇದು ಇನ್ನ ನನ್ನ ಕಣ್ಣಿಗೆ ಬೀಳಬಾರ್ದು" ಎಂದು ಘರ್ಜಿಸಿದನು. ತಾಯಿ ನೀಲವ್ವ ಅದನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬೆಕ್ಕು ಕೆಡವದಿರಲೆಂದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಇಟ್ಟಳು.

ಸಮರವು ಮೊದಲಾಯಿತು. ಮೂರು ಬೋಲ್ಟುಗಳು ಶರಣಾದವು; ನಾಲ್ಕನೆಯದು ತನ್ನ ರಂಧ್ರದಿಂದ ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತು ಸೆಣಸಿತು. ವೀರನು ಅರ ಹಿಡಿದು ರಂಧ್ರವನ್ನು ಉಜ್ಜಿದನು. ಬೋಲ್ಟು ಹೊಕ್ಕಿತು, ಆದರೆ ಸಡಿಲಾಯಿತು. ಜೊತೆಗೆ ಬಂದ, ಎಣ್ಣೆ ಸೋರದಂತೆ ಕಾಯಬೇಕಾದ ಗ್ಯಾಸ್ಕೆಟ್ಟು ಬೇರೆ ಯಾವುದೋ ವಂಶದ ಗಾಡಿಯದಾಗಿತ್ತು. ಆತನು ಅದನ್ನೂ ಕತ್ತರಿಯಿಂದ ದಾರಿಗೆ ತಂದನು.

ಖಂಡೇಪೂಜೆಯ ಪ್ರಾತಃಕಾಲದಲ್ಲಿ ಚೆಂಡುಹೂಮಾಲಾಲಂಕೃತ ವಾಹನದ ಗಾಲಿಗಳಡಿ ನಿಂಬೆಹಣ್ಣುಗಳು ಪ್ರತಿಷ್ಠಿತವಾದವು. ಹೊಸ ಸೀರೆಯುಟ್ಟ ರೇಣವ್ವ ಕರ್ಚಿಕಾಯಿ ಡಬ್ಬಿ ಹಿಡಿದು ನಿಂತಳು. ವೀರನು ಕುಲದೇವರನ್ನು ನೆನೆದು ಕಿಕ್ ಹೊಡೆದನು. ದಿಕ್ಕುಗಳು ನಡುಗಲಿಲ್ಲ. ಫುಸ್ ಎಂಬ ನಿನಾದದೊಡನೆ ಎಣ್ಣೆಯು ಚಿಮ್ಮಿ ರಂಗೋಲಿಯನ್ನು ತೊಯ್ಯಿಸಿತು. ಮತ್ತೆ ಹೊಡೆದನು, ಮತ್ತೆ ಎಣ್ಣೆ. ನಿಂಬೆಗಳು ಇದ್ದಲ್ಲೇ ಇದ್ದವು.

ಆಗ ಆ ರಿಪುಗರ್ವಭಂಜನನು ತಲೆ ತಗ್ಗಿಸಿ ಮೆಲ್ಲಗೆ ಕೇಳಿದನು: "ಅವ್ವಾ... ಹಳೇದ ಎಲ್ಲೈತಿ?"

ಮಧ್ಯಾಹ್ನದ ಹೊತ್ತಿಗೆ ಹಳೆಯ ಸಿಲಿಂಡರ್ ತನ್ನ ಸಿಂಹಾಸನವನ್ನೇರಿತು. ಬೈಕು ಕೆಮ್ಮಿ ಎಚ್ಚೆತ್ತು, ನಿಂಬೆಹಣ್ಣುಗಳನ್ನು ಮರ್ದಿಸಿ, ಉಪ್ಪಿನಕಾಯಿಯ ಸಾಸಿವೆವಾಸನೆಯೊಡನೆ ಹೊರಟಿತು. ಗುಡ್ಡದ ಬುಡ ಬಂದೊಡನೆ, ಆತ ಬಾಯಿ ತೆರೆಯುವ ಮುನ್ನವೇ ರೇಣವ್ವ ಇಳಿದು ಡಬ್ಬಿಯನ್ನು ಬಗಲಿಗಿಟ್ಟಳು. "ನೀವ್ ಸಾವಕಾಶ ಬರ್ರಿ, ಬಸವಂತ ಕೇಳಿದ್ರ ಕಾಲ ಜೋಮ ಹಿಡದಿದ್ವು, ನಾನಽ ಇಳದೆ ಅಂತೀನಿ" ಎಂದಳು. ವೀರನಿಗೆ ಕಣ್ಣು ತುಂಬಿತು, ಹೊಗೆಯೆಂದನು.

ಇತ್ತ ಮನೆಯಲ್ಲಿ ನೀಲವ್ವ ಬರಿದಾದ ಮುಚ್ಚಳದ ಮೇಲೆ ದ್ವಿಗುಣಬಲಪ್ರದಾಯಕವನ್ನು ಇಟ್ಟು, ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿದಳು. ಅದು ಕದಲಲಿಲ್ಲ.

"ಹಳೇದು ಡುಗುಡುಗು ಅಂತಿತ್ತು. ಇದು ನೋಡು, ಅಳತಿ ಕೊಟ್ಟು ಮಾಡಿಸಿದಂಗ ಕುಂತತಿ" ಎಂದಳು ಬೆಕ್ಕಿಗೆ.