ಹಿತ್ತಲ ಬಾಗಿಲಿಂದ ಬರೋ ಗಂಡ

ಹೆಣದ ಕೋಲ್ಯಾಗ ಕೆಲಸಾ ಮಾಡಾವರಿಗೆ ನಗು ಬರೂದಿಲ್ಲ ಅಂತ ಮಂದಿ ತಿಳಕೊಂಡಾರ. ಬರತೈತ್ರಿ. ಬ್ಯಾಡ ಅಂದ್ರೂ ಬರತೈತಿ, ಅದೂ ಬರಬಾರದ ಹೊತ್ತಿನ್ಯಾಗ ಬರತೈತಿ. ನಾ ಹಾವೇರ್ಯಾಗ ಒಂದ ದವಾಖಾನ್ಯಾಗ ಪೋಸ್ಟ್‌ಮಾರ್ಟಂ ಕೋಲಿ ಆಳಾಗಿದ್ದೆ. ಡಾಕ್ಟರ್ ಸಾಹೇಬ್ರು "ಹೂಂ, ಕೊಯ್ಯಿ" ಅಂದ್ರ ಕೊಯ್ತಿದ್ದೆ, "ಹೂಂ, ಹೊಲಿ" ಅಂದ್ರ ಹೊಲೀತಿದ್ದೆ. ಎಂಬತ್ತರ ದಶಕದ ಮಾತಿದು. ಸತ್ತವರಿಂದ ನನಗ ಒಂದ ದಿನಾನೂ ತ್ರಾಸ ಆಗಲಿಲ್ಲ. ಆಗಿದ್ದೆಲ್ಲಾ ಬದುಕಿದ್ದವರಿಂದ.

ಕನ್ಯಾ ನೋಡಾಕ ಹೋಗಿದ್ದು

ಇಂಥಾ ನೌಕರಿ ಇದ್ದಾವಗ ಹೆಣ್ಣು ಯಾರ್ ಕೊಡಬೇಕ್ರಿ? ಎರಡ ಸಂಬಂಧ ಮುರದು ಹೋದ್ವು. ಒಂದ ಕಡೆ ಅಂತೂ ನನ್ನ ಕೆಲಸ ಏನಂತ ಗೊತ್ತಾದ ಕೂಡಲೆ, ನಾ ಚಾ ಕುಡದ ಕಪ್ಪನ್ನ ಹುಡುಗಿ ಅವ್ವ ನನ್ನ ಕಣ್ಣಮುಂದನ ತಿಪ್ಪಿಗೆ ಒಗದ್ಲು. ಆ ಕಪ್ಪ ಒಡದ ಸಪ್ಪಳ ನನ್ನ ಕಿವಿಯಿಂದ ಬಾಳ ದಿನಾ ಹೋಗಲಿಲ್ಲ.

ಅದಕ್ಕ ಬ್ಯಾಡಗಿಗೆ ಹೋಗುಮುಂದ ನಮ್ಮ ಕಾಕಾ, "ಈ ಸಲ ನೀ ಬಾಯಿ ಬಿಚ್ಚಬ್ಯಾಡ, ಮಾತಾಡೂದು ನಂದು" ಅಂದ. ಹುಡುಗಿ ಅಪ್ಪ ಮೆಣಸಿನಕಾಯಿ ಪ್ಯಾಟ್ಯಾಗ ದಲಾಲಿ. ಕಾಯಿ ಕೈಯಾಗ ಹಿಡದ್ರ ಒಳಗ ಬೀಜ ಎಷ್ಟ ಅದಾವ ಅಂತ ಹೇಳಾವ. ಅಂಥಾವ ನನ್ನ ಮಾರಿ ನೋಡಿ ಕೇಳಿದ, "ಹುಡುಗನ ಕೆಲಸ ಏನ್ರಿ?"

ಕಾಕಾ ಅಂದ, "ದವಾಖಾನ್ಯಾಗ್ರಿ. ಪೇಶಂಟ್ ನೋಡಿಕೊಳ್ಳೂದು."

"ಮಂದಿ ಸಂಭಾಳಸೂದು ಕಠಿಣ ನೋಡ್ರಿ. ಬಯ್ಯೂದು, ಜಗಳಾ ಮಾಡೂದು ಇರತೈತಿ."

"ಛೇ ಛೇ! ನಮ್ಮ ಹುಡುಗನ ಕಡೆ ಬಂದಾವರು ಇಲ್ಲೀತನಾ ಒಬ್ಬರೂ ತಕರಾರ ಮಾಡಿಲ್ರಿ!"

ಮದಿವಿ ಆತು.

ಸಾವಕಾಶ ಕೊಯ್ರಿ

ಮದಿವಿ ಆದಮ್ಯಾಲೂ ಹೆಂಡತಿಗೆ ಯಾಕ ಹೇಳಲಿಲ್ಲ ಅಂತ ಕೇಳ್ತೀರಿ. ನಮ್ಮ ಮನಿ ರಾಣೆಬೆನ್ನೂರಾಗ ಇತ್ತು. ಹೇಳಬೇಕಂತ ದಿನಾ ಮನಿಗೆ ಹೋಗೂ ರೈಲ್ನ್ಯಾಗ ಕುಂತು ವಿಚಾರ ಮಾಡ್ತಿದ್ದೆ. ರಾಣೆಬೆನ್ನೂರಾಗ ಇಳಿಯೂದರೊಳಗ ಕಪ್ಪ ಒಡದ ಸಪ್ಪಳ ಕೇಳತಿತ್ತು. ಆಕಿ ಸಣ್ಣಾಕಿ, ನಗಮಾರಿ. ಬಿಟ್ಟು ಹೋದ್ರ ನಾ ಏನ ಮಾಡ್ಲಿ? ಆಕಿ ನಕ್ಕಾಗ ನಾನೂ ಬದುಕಿದ್ದವರ ಪೈಕಿ ಅನ್ನಸತಿತ್ತು.

ಮತ್ತ ಹೇಳಿದ್ರೂ ಏನಂತ ಹೇಳೂದು? ಒಂದ ದಿನ ಕರ್ಜಗಿ ಕಡೆಯ ಮುದುಕನ ಹೆಣಾ ಬಂತು. ಹೈವೇದಾಗ ಲಾರಿ ಬಡದಿತ್ತು. ಅವನ ಹೆಂಡತಿ ಬಾಗಲದಾಗ ನನ್ನ ಕೈ ಹಿಡಕೊಂಡು ಅಂದ್ಲು, "ಯಪ್ಪಾ, ನಿನಗ ಪುಣ್ಯಾ ಬರತೈತಿ, ಸಾವಕಾಶ ಕೊಯ್ಯೋ. ನಮ್ಮ ಮನಿಯಾವರಿಗೆ ಸೂಜಿ ಅಂದ್ರ ಅಂಜಿಕಿ. ಕ್ಷೌರದಾವನ ಕತ್ತಿ ತಾಗಿದ್ರ ಮನಿ ಎಲ್ಲಾ ಒಂದ ಮಾಡತಿದ್ರು."

"ಆತವ್ವಾ" ಅಂದೆ. ಒಳಗ ಹೋಗಿ ಖರೇನ ಸಾವಕಾಶ ಚಾಲೂ ಮಾಡಿದೆ. ಡಾಕ್ಟರ್ ಸಾಹೇಬ್ರು ಗಡಿಯಾರ ನೋಡಿ, "ಏನೋ ಇದು, ಲಗೂ ಮಾಡೋ!" ಅಂತ ಒದರಿದ್ರು.

ನಾ ಅಂದೆ, "ಹಿರ್ಯಾರು ಅಂಜತಾರಂತ್ರೀ ಸಾಹೇಬ್ರ."

ಬಾಡಿಗಿ ಪುಸ್ತಕ

ರಾಣೆಬೆನ್ನೂರ ಬಸ್‌ಸ್ಟ್ಯಾಂಡ್ ಬಾಜೂಕ ಬಾಡಿಗಿ ಪುಸ್ತಕದ ಅಂಗಡಿ ಒಂದಿತ್ತು. ನನ್ನ ಹೆಂಡತಿ ಮೊದಮೊದಲು ಅಡಿಗಿ ಪುಸ್ತಕ ತಂದ್ಲು, ಆಮ್ಯಾಲೆ ಸಂಸಾರದ ಕಾದಂಬರಿ ತಂದ್ಲು, ಕಡೀಕ ಪತ್ತೇದಾರಿಗೆ ಗಂಟಬಿದ್ಲು. ಅದ್ರಾಗೂ ಆಕಿಗೆ ಇಲ್ಲೀ ಪತ್ತೇದಾರಿ ಸೇರಲಿಲ್ಲ. ಹಳೀ ಇಂಗ್ಲೀಷ್ ಕತಿ ಕನ್ನಡಕ್ಕ ಇಳಿಸಿದ್ದ ಬೇಕು. ಅವೆಲ್ಲಾ ಲಂಡನ್ ಊರಿನವು, ಬರೇ ಮಂಜ, ಬರೇ ಹೆಣಾ. ಕೊಲೆಗಾರ ಮಾತ್ರ ಗೂಂಡಾ ಅಲ್ಲ. ಬಾಳ ಸಭ್ಯಸ್ಥ. ಮುಂಜಾನೆ ಹೆಂಡತಿಗೆ ಹೋಗಿಬರತೇನಿ ಅಂತಾನ, ಛತ್ರಿ ತೊಗೋತಾನ, ಆಫೀಸಿಗೆ ಹೊಂಡತಾನ. ಆಫೀಸ ಇರೂದ ಇಲ್ಲ! ಸಂಜೀಕ ಕೈ ತೊಳಕೊಂಡು ಬಂದು, ಮೆತ್ತಗ ಮಾತಾಡಿ, ಊಟಕ್ಕ ಕುಂದರತಾನ.

ನಾನೂ ಮೆತ್ತಗ ಮಾತಾಡಾವ. ಕಿಸೇದಾಗ ಪೆನ್ನ ಸಿಗಿಸಿಕೊಂಡು ಹೊಂಡಾವ. ದವಾಖಾನಿ ಸುದ್ದಿ ತಗದ್ರ ಮಳಿ ಸುದ್ದಿ ಹೇಳಾವ. ಅದರ ಮ್ಯಾಲ ಇನ್ನೊಂದ ಐತಿ. ನಮ್ಮ ಕಡೆ ಯಾರರ ಹೆಣದ ಹಿಂದ ಮಣ್ಣಿಗೆ ಹೋಗಿ ಬಂದ್ರ ಯಾರನ್ನೂ ಮುಟ್ಟೂದಿಲ್ಲ. ಹಿತ್ತಲದಾಗ ಮೈ ತೊಳಕೊಂಡು, ಬಾಯಾಗ ಬೇವಿನ ಎಲಿ ಹಾಕ್ಕೊಂಡ ಮ್ಯಾಲೇನ ಒಳಗ ಬರೂದು. ನನಗ ದಿನಾ ಹೆಣಾನ. ಹಿಂಗಾಗಿ ದಿನಾ ಹಿತ್ತಲ ಬಾಗಿಲಾ, ದಿನಾ ಸ್ನಾನ, ದಿನಾ ಬೇವಿನ ಎಲಿ. ಲಂಡನ್ನಿನಾವ ಬರೇ ಕೈ ತೊಳಕೊಂಡಿದ್ದಕ್ಕ ಸಿಕ್ಕ ಬಿದ್ದಿದ್ದ. ನಾ ಮೈಯೆಲ್ಲಾ ತೊಳಕೊಂತಿದ್ದೆ.

ಈಕಿ ಒಂದಕ್ಕೊಂದು ಜೋಡಿಸಿದ್ಲು. ಬಾಜೂ ಮನಿ ಅಜ್ಜಿ ಮುಂದ ತನ್ನ ಸಂಶಯಾ ಹೇಳಿ ಅತ್ಲು. ಅಜ್ಜಿ ಸಮಾಧಾನ ಮಾಡಿದ್ಲಂತ: "ಅಳಬ್ಯಾಡ ನನ್ನವ್ವಾ. ಕೊಂದು ಬಂದ್ರೂ ಜಳಕಾ ತಪ್ಪಸೂದಿಲ್ಲ ಅಂದ್ರ ಮನಿತನ ಛಲೋನ ಐತಿ."

ಎಣ್ಣಿಗಾಯಿ

ನನಗೇನ ಗೊತ್ತು ಇದೆಲ್ಲಾ? ಒಂದ ಐತಾರ ಆಕಿ ಬದನಿಕಾಯಿ ಎಣ್ಣಿಗಾಯಿ ಮಾಡಾಕ ಕುಂತಿದ್ಲು. ಕಾಯಿ ಅಡ್ಡಾದಿಡ್ಡಿ ಸೀಳಿ, ತುಂಬಿದ ಶೇಂಗಾಪುಡಿ ಎಲ್ಲಾ ಹೊರಗ ಬರಾಕತ್ತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ. ನೋಡ್ರಿ, ಕಸಬು ಅಂಬೋದು ಕೈಯಾಗ ಇರತೈತಿ.

"ತಾ ಇಲ್ಲೆ" ಅಂದೆ. ಮ್ಯಾಲಿಂದ ಕೆಳಗ ಒಂದ ಗೆರಿ ಹೊಡದೆ. ಮಸಾಲಿ ತುಂಬಿದೆ. "ಸೂಜಿ ದಾರಾ ಐತೇನ?" ಅಂತ ಕೇಳಿದೆ. ತಂದ ಕೊಟ್ಟು, ಬಾಗಲದ ಕಡೆ ಸರದು ನಿಂತ್ಲು. ನಾಕೂ ಕಾಯಿ ಹೊಟ್ಟಿ ಚಂದಾಗಿ ಹೊಲದು, ಗಂಟ ಹಾಕಿ, ಸಾಲಾಗಿ ಅಂಗಾತ ಮಲಗಿಸಿದೆ. ಅಷ್ಟಕ್ಕ ಬಿಡಬೇಕಿಲ್ಲೋ? ರೂಢಿ ನೋಡ್ರಿ, ಮ್ಯಾಲ ಒಂದ ಬಿಳೀ ಅರಿವೀನೂ ಮುಚ್ಚಿದೆ.

ಅವತ್ತ ಆಕಿ ಬರೇ ಮಜ್ಜಿಗಿ ಅನ್ನಾ ಉಂಡ್ಲು.

ದಾಸವಾಳ

ಆಮ್ಯಾಲೆ ಆಕಿಗೆ ಜ್ವರಾ ಬಂತು. ನಾ ಪ್ರೀತೀಲೆ ಶುಂಠಿ ಹಾಕಿ ಚಾ ಮಾಡಿ ಕೊಟ್ಟೆ. ಆ ಪುಸ್ತಕದಾಗ ಗಂಡ ಚಾ ಮಾಡಿಕೊಟ್ಟ ಅಂದ್ರ ಹೆಂಡತಿ ಕತಿ ಮುಗೀತು ಅಂತ ತಿಳಕೋಬೇಕಂತ. ನಾ ಆಕಡೆ ತಿರುಗಿದ್ದ ತಡಾ, ಕುದಿಯೂ ಚಾ ಕಿಡಕಿ ಹೊರಗಿನ ದಾಸವಾಳದ ಕುಂಡಕ್ಕ ಸುರವಿದ್ಲು. ಮರುದಿನ ದಾಸವಾಳ ಗೋಣ ಚೆಲ್ಲಿತ್ತು. ಕುದಿಯೂ ಚಾ ಹಾಕಿದ್ರ ದಾಸವಾಳ ಸಾಯದ ಏನ ಮಾಡತೈತ್ರಿ?

ಸಂಜೀಕ ನಾ ಮನಿಗೆ ಬರೂದರೊಳಗ ಆಕಿ ಚೀಲಾ ತುಂಬಿಕೊಂಡು ತವರಮನಿ ಸೇರಿದ್ಲು. ಬಾಜೂ ಮನಿ ಅಜ್ಜಿ ಬಾಗಲದಾಗ ನಿಂತು, "ನಿನ್ನ ಸುದ್ದಿ ಎಲ್ಲಾ ಆಕಿಗೆ ಗೊತ್ತಾಗೈತಿ" ಅಂದ್ಲು. ನಾ ಅಲ್ಲೇ ಕಟ್ಟಿ ಮ್ಯಾಲ ಕುಂತೆ. ಮುಗೀತಪಾ, ನೌಕರಿ ಸುದ್ದಿ ಗೊತ್ತಾತು ಅನಕೊಂಡೆ.

ಬ್ಯಾಡಗಿ ಪಡಸಾಲಿ

ಮರುದಿನ ಬ್ಯಾಡಗಿಗೆ ಹೋದೆ. ಪಡಸಾಲ್ಯಾಗ ಮಾವ, ಅತ್ತಿ ಕುಂತಿದ್ರು. ಆಕಿ ಕಂಬಕ್ಕ ಆತು ನಿಂತಿದ್ಲು, ಅತ್ತು ಅತ್ತು ಕಣ್ಣ ಬಾತಿದ್ವು. ಮೂಲ್ಯಾಗಿನ ಮೆಣಸಿನಕಾಯಿ ಚೀಲದ ಘಾಟಿಗೆ ನನ್ನ ಕಣ್ಣಾಗೂ ನೀರು. ಘಾಟೊಂದರದ ಅಲ್ಲ ಬಿಡ್ರಿ. ಆಕಿನ್ನ ಕರಕೊಂಡು ಹೋಗಾಕ ಆಗದಿದ್ರ ಆ ಮನಿಗೆ ನಾ ಹೆಂಗ ಹೋಗ್ಲಿ ಅಂತ ಜೀವ ಕುತ್ತಿಗಿಗೆ ಬಂದಿತ್ತು.

ಮಾವ ಅಂದ, "ಅಳಿಯಂದ್ರ, ನಮಗ ಎಲ್ಲಾ ಗೊತ್ತಾಗೈತಿ. ಮುಚ್ಚಿಡಬ್ಯಾಡ್ರಿ. ಇಲ್ಲೀತನಾ ಎಷ್ಟ ಮಂದಿ?"

ಮುಚ್ಚಿಟ್ಟು ಇನ್ನೇನ ಮಾಡೂದೈತಿ? "ಲೆಕ್ಕಾ ಇಟ್ಟಿಲ್ರೀ ಮಾವಾರ" ಅಂದೆ.

ಅತ್ತಿ ಎದಿ ಹಿಡಕೊಂಡ್ಲು. ಮಾವ ಉಗುಳು ನುಂಗಿ ಕೇಳಿದ, "ದಿನಾ ಇರತೈತೇನು?"

"ಬ್ಯಾಸಿಗ್ಯಾಗ ಜಾಸ್ತಿ ಇರತಾವ್ರಿ. ಮಳಿಗಾಲದಾಗ ಹೇಳಾಕ ಬರೂದಿಲ್ಲ."

"ನೀವೊಬ್ಬರೇ ಮಾಡತೀರೋ?"

"ಡಾಕ್ಟರ್ ಸಾಹೇಬ್ರು ಬಾಜೂಕ ನಿಂತಿರತಾರ್ರಿ."

"ಡಾಕ್ಟರೂ ಕೂಡ್ಯಾನ?! ಪೊಲೀಸರಿಗೆ ಗೊತ್ತಾಗಿಲ್ಲೇನ?"

"ಗೊತ್ತಾಗದ ಏನ್ರಿ? ಅವರೇ ತಂದ ಕೊಡತಾರ!"

ಮಾವ ಗ್ವಾಡಿಗೆ ಒರಗಿದ. "ಶಿವಶಿವಾ! ಜೀವಾ ತಗಿಯೂಮುಂದ ನಿಮಗ ಏನೂ ಅನಸೂದಿಲ್ಲೇನ್ರಿ?"

ಆವಾಗ ನನಗ ದಾರಿ ಎಲ್ಲೋ ತಪ್ಪೈತಿ ಅಂತ ಹೊಳೀತು. "ಜೀವಾ ತಗಿಯೂದು? ಮಾವಾರ, ನನ್ನ ಕಡೆ ಬರೂದ ಸತ್ತ ಮ್ಯಾಲೆ! ನಾ ಪೋಸ್ಟ್‌ಮಾರ್ಟಂ ಕೋಲ್ಯಾಗ ಹೆಣಾ ಕೊಯ್ತೇನ್ರಿ. ನಿಮ್ಮ ಮಗಳು ಬಿಟ್ಟಗಿಟ್ಟಾಳು ಅಂತ ಅಂಜಿ ಹೇಳಿರಲಿಲ್ಲ, ಅಷ್ಟ." ಹೇಳಿ ಮುಗಿಸೂದರೊಳಗ ದನಿ ಒಡೀತು. ಸಣ್ಣ ಹುಡುಗೂರಂಗ ಅತ್ತಬಿಟ್ಟೆ.

ಕೊಲೆಗಾರ ಅಲ್ಲ ಅಂತ ಗೊತ್ತಾದ ಮ್ಯಾಲಾದ್ರೂ ಖುಷಿ ಪಡತಾರ ಅನಕೊಂಡೆ. ಅತ್ತಿ ಹಣಿ ಹಣಿ ಬಡಕೊಂಡ್ಲು. "ಅಯ್ಯ ನನ್ನ ಹಣೇಬಾರವೇ! ಕೊಲೆಗಾರ ಆಗಿದ್ರ ಒಬ್ಬ ಛಲೋ ವಕೀಲನ್ನ ಹಿಡದು ಬಿಡಿಸಿಕೊಂಡು ಬರಬಹುದಿತ್ತಲ್ಲೋ. ಹೆಣಾ ಕೊಯ್ಯೂ ಅಳಿಯಾ ಅಂದ್ರ ಬೀಗರಿಗೆ ಏನಂತ ಹೇಳಲಿ? ಮಗಳ, ನೀ ಇಲ್ಲೇ ಇರು. ಇವರ ಮನೀ ಹೊಚ್ಚಲಾ ತುಳೀಬ್ಯಾಡ!"

ನಾ ಎದ್ದು ಚಪ್ಪಲಿ ಹುಡುಕಿದೆ. ನೋಡ್ತೇನಿ, ನನ್ನ ಹೆಂಡತಿ ಕಣ್ಣ ಒರಸಿಕೊಂಡು, ಚೀಲಾ ಬಗಲಾಗ ಹಾಕ್ಕೊಂಡು ನನಗಿಂತ ಮುಂಚೆ ಬಾಗಲದಾಗ ನಿಂತಾಳ.

"ಎಲ್ಲಿಗೆ ಹೊಂಟೀದಿ?" ಅಂತ ಅತ್ತಿ ಚೀರಿದ್ಲು. "ಹೆಣಾ ಮುಟ್ಟೂ ಕೈಯವು!"

ಆಕಿ ಹೊಳ್ಳಿ ನಿಂತು ಅಂದ್ಲು, "ಸುಮ್ನಿರಬೇ ಯವ್ವಾ. ಜೀವಂತ ಇದ್ದಾವರನ್ನ ಕೊಲ್ತಾರಂತ ತಿಳಕೊಂಡು ಇಷ್ಟ ದಿನಾ ಇವರಿಗೆ ಬಿಸಿರೊಟ್ಟಿ ಬಡದ ಹಾಕೇನಿ. ಈಗ ನೋಡಿದ್ರ ಬರೇ ಸತ್ತಾವರನ್ನ ಕೊಯ್ಯಾವರಂತ. ಇನ್ನ ಹಾಕಾಕ ನನಗೇನ ಧಾಡಿ?"